ಕೈಯಳತೆ

ಗಂಡ ವೇಡ್‌ನನ್ನು ಮಣ್ಣುಮಾಡಿದ ಮರುದಿನ ಬೆಳಿಗ್ಗೆ ಮಾರೆನ್ ಪಾತ್ರೆ ತೊಳೆಯುತ್ತಿದ್ದಳು. ಚರ್ಚಿನ ಹೆಂಗಸರು ಊಟ ತುಂಬಿ ತಂದಿಟ್ಟು ಹೋಗಿದ್ದ ಏಳು ಗಾಜಿನ ಪಾತ್ರೆಗಳು. ಯಾರಿಗೆ ಹಿಂದಿರುಗಿಸಬೇಕೆಂದು ತಿಳಿಯಲಿ ಅಂತ ಒಂದೊಂದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಅವರವರ ಹೆಸರು. ಹೆಸರು ಅಳಿಸದ ಹಾಗೆ ತಳ ಉಜ್ಜುತ್ತಿದ್ದಾಗ ಫೋನ್ ಬಂತು.

"ವೇಡ್ ಇದ್ದಾನೇನಮ್ಮ? ನಾನು ಲೈಲ್ ಸ್ಟ್ರಾಂಡ್. ಪಿಸ್ತೂಲು ಮುಗೀತು."

"ಅವನಿಲ್ಲ."

"ಬಂದ ಮೇಲೆ ಹೇಳು. ನಾಲ್ಕು ವರ್ಷ ನನ್ನ ಪ್ರಾಣ ತಿಂದ, ಇನ್ನು ತಿನ್ನೋಕೆ ಏನೂ ಉಳಿದಿಲ್ಲ ಅನ್ನು. ನನ್ನ ಹಳೇ ಪಿಸ್ತೂಲು ತರೋದು ಮರೀಬೇಡ ಅನ್ನು."

"ನಾನೇ ತರ್ತೀನಿ," ಎಂದಳು.

ಪಂದ್ಯಗಳಲ್ಲಿ ಒಂಟಿಗೈಯಲ್ಲಿ ಗುರಿ ಹೊಡೆಯುತ್ತಿದ್ದ ವೇಡ್, ತನ್ನದು ತಯಾರಾಗುವ ತನಕ ಲೈಲ್‌ನ ಸ್ವಂತ ಪಿಸ್ತೂಲನ್ನೇ ಎರವಲು ತಂದಿಟ್ಟುಕೊಂಡಿದ್ದ. ಪಿಸ್ತೂಲಿನ ಹಿಡಿಗೆಂದು ಹಸಿ ಜೇಡಿಯನ್ನು ಹಿಂಡಿ ಕೈಯಳತೆ ಕೊಟ್ಟು ಬಂದ ದಿನ ಮಾರೆನ್ ಚುಚ್ಚಿದ್ದಳು: "ಮದುವೆ ಕೋಟಿನ ಅಳತೆ ಕೊಡೋಕೆ ಬಿಡುವಿರ್ಲಿಲ್ಲ. ಇದಕ್ಕೆ ನೂರು ಮೈಲಿ ಹೋಗಿದ್ದೀಯ." ಅವನು ನಕ್ಕಿದ್ದ. "ಕೋಟು ಅಂಗಡೀಲಿ ಸಿಗುತ್ತೆ ಕಣೇ. ನನ್ನ ಕೈಗಾಗೋ ಪಿಸ್ತೂಲು ಎಲ್ಲೂ ಸಿಗಲ್ಲ." ಹುಡುಗನಾಗಿದ್ದಾಗ ಹಸುವಿನ ಗೊರಸಿನಡಿ ಸಿಕ್ಕಿ ಅವನ ಬಲಗೈ ಕಿರುಬೆರಳು ಸೊಟ್ಟಗಾಗಿತ್ತು. ಅದರ ನಡುಗೆಣ್ಣಿನಲ್ಲಿ ಒಂದು ಗಂಟು. ನಿದ್ದೆಯಲ್ಲಿ ಅವಳ ಕೈ ಹಿಡಿದಾಗಲೆಲ್ಲ ಅದು ಚುಚ್ಚುತ್ತಿತ್ತು.

ಲೈಲ್‌ನ ಕಾರ್ಖಾನೆ ಮನೆಯ ಹಿಂದಿನ ತಗಡಿನ ಕೊಟ್ಟಿಗೆ. ಮಾರೆನ್ ನಿಂತೇ ಹೇಳಿದಳು. ಹೋದ ಗುರುವಾರ. ರಸ್ತೆ ಮೇಲೆ ಹಿಮ. ಟ್ರಕ್ಕು ಮಗುಚಿತು. ಮುದುಕ ಕನ್ನಡಕ ತೆಗೆದು ಕೈಯಲ್ಲಿದ್ದ ಎಣ್ಣೆಬಟ್ಟೆಯಿಂದಲೇ ಒರೆಸಿದ. ಅದು ಇನ್ನಷ್ಟು ಮಸುಕಾಯಿತು. ಹಾಗೆಯೇ ಹಾಕಿಕೊಂಡು ಒಳಗಿನಿಂದ ಹೊಸ ಪಿಸ್ತೂಲನ್ನು ತಂದ. ಮೇಲ್ಭಾಗವನ್ನು ಹಿಂದಕ್ಕೆಳೆದು, ಗುಂಡು ಕೂರುವ ಜಾಗವನ್ನು ನೋಡಿ, ಕಿರುಬೆರಳಿನ ತುದಿ ಇಟ್ಟು ತಡವಿ, "ಖಾಲಿ," ಎಂದು ಅವಳಿಗೆ ಕೊಟ್ಟ. ಕಣ್ಣೆದುರೇ ತೋರಿಸಿದ್ದರೂ ತೆಗೆದುಕೊಂಡವರೂ ನೋಡಬೇಕು, ಅದೇ ಮಾತನ್ನು ತಿರುಗಿ ಹೇಳಬೇಕು; ಪಿಸ್ತೂಲು ಕೈ ಬದಲಾದಾಗಲೆಲ್ಲ ಇದೇ ನಿಯಮ. ಮನೆಯಲ್ಲಿ ವೇಡ್ ಕೂಡ ಅವಳಿಂದ ಹೇಳಿಸದೆ ಬಿಡುತ್ತಿರಲಿಲ್ಲ. ಅವಳು ನೋಡಿದಳು. "ಖಾಲಿ."

ಹಿಡಿಯ ಸುತ್ತ ಬೆರಳು ಮುಚ್ಚಿದಳು. ಅಕ್ರೋಟ್ ಮರ, ನುಣುಪಾಗಿತ್ತು. ಕಿರುಬೆರಳ ಕೆಳಗೆ ಒಂದು ಗುಳಿ. ಆ ಗಂಟಿನಷ್ಟೇ ಗುಳಿ.

"ಇದು ನಿನ್ನ ಕೈಗಾಗಲ್ಲಮ್ಮ," ಎಂದ ಲೈಲ್.

"ತಗೊಂಡು ಹೋಗ್ತೀನಿ."

"ಮೂವತ್ತೆಂಟು ವರ್ಷದಲ್ಲಿ ಹಿಡಿದೋರ ಕೈಗೆ ಕೂರದ ಪಿಸ್ತೂಲು ಈ ಬಾಗಿಲು ದಾಟಿಲ್ಲ. ಐದು ಗುಂಡು ಹೊಡಿ. ಮೂರು ಗುರಿಯ ಕಪ್ಪಲ್ಲಿ ಬಿದ್ರೆ ಹೀಗೇ ಒಯ್ಯಿ. ಇಲ್ಲಾಂದ್ರೆ ಅರ ಹಾಕಿ ನಿನ್ನ ಕೈಗೆ ಕೂರಿಸ್ತೀನಿ. ಅರ್ಧ ಗಂಟೆ ಕೆಲಸ."

ಕೊಟ್ಟಿಗೆಯ ಹಿಂದೆ ಮಣ್ಣಿನ ದಿಬ್ಬ, ಅದರ ಮುಂದೆ ಕಪ್ಪು ವೃತ್ತದ ಕಾಗದ. ವೇಡ್ ಕಲಿಸಿದ್ದಂತೆ ಮಾರೆನ್ ಎಡಗೈಯನ್ನು ಕೋಟಿನ ಜೇಬಿಗೆ ತುರುಕಿ ಬಲಗೈ ಚಾಚಿದಳು. ಇಷ್ಟು ದಿನ ಪ್ರಾರ್ಥನೆ, ಹಾಡು, ಸಮಾಧಾನದ ಮಾತು ಎಲ್ಲ ಗೋಡೆಯಾಚೆಯಿಂದ ಕೇಳಿಸಿದ್ದವು. ಈ ಸದ್ದು ಮಾತ್ರ ನೆಟ್ಟಗೆ ಎದೆಗೆ ಬಡಿಯಿತು. ಒಂದೊಂದು ಸಲವೂ ಹಿಡಿ ಅವಳ ಅಂಗೈಯನ್ನು ಹಿಂದಕ್ಕೆ ನೂಕಿತು, ಒಳಗಿನಿಂದ ಯಾರೋ ಕೈಕುಲುಕಿದ ಹಾಗೆ. ಐದು ಮುಗಿದಾಗ ಇನ್ನೂ ಬೇಕೆನಿಸಿತು.

ಲೈಲ್ ದುರ್ಬೀನಿನಲ್ಲಿ ನೋಡಿದ. "ಎರಡು ಕಪ್ಪಲ್ಲಿವೆ. ಮಿಕ್ಕ ಮೂರು ಮೊಂಟಾನಾದಲ್ಲೇ ಎಲ್ಲೋ ಇವೆ."

ಅವಳು ನಗಲಿಲ್ಲ. ಅವನು ಒಳಗೆ ಬಂದು ಮೊಳೆಯಿಂದ ಅರ ಇಳಿಸಿದ. "ಕೊಡು ಇಲ್ಲಿ. ಈ ಗುಳಿ ಇದ್ಯಲ್ಲ, ಅದೇ ನಿನ್ನ ಬೆರಳನ್ನ ಎಳೀತಿರೋದು. ಸುತ್ತ ಸವರಿಬಿಟ್ರೆ..."

"ಅದನ್ನ ಮುಟ್ಟಬೇಡಿ."

ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದೀತೆಂದು ಅವಳೂ ಎಣಿಸಿರಲಿಲ್ಲ. ಲೈಲ್ ಅವಳ ಕೈಯನ್ನು ನೋಡಿದ. ಆ ಗುಳಿಯಲ್ಲಿ ಅವಳ ಬೆರಳು ಚಿಕ್ಕದಾಗಿ, ಸುತ್ತ ಜಾಗ ಬಿಟ್ಟು ಮಲಗಿತ್ತು.

"ಅದೊಂದಕ್ಕೇ ಒಂದು ವಾರ ಕೂತಿದ್ದೆ," ಎಂದ ಮೆಲ್ಲಗೆ. "ಜೇಡಿ ಒಣಗಿ ಬಿರುಕು ಬಿಟ್ಟಿತ್ತು. ಇನ್ನೊಂದ್ಸಲ ಕರೆಸಿದೆ. ಬೈಕೊಂಡೇ ಬಂದ ಮಹಾರಾಯ." ಆಮೇಲೆ, "ಹೀಗೇ ಇದ್ರೆ ಗುರಿ ಕೂರಲ್ಲ ಕಣಮ್ಮ," ಎಂದ.

"ಕೈಯನ್ನೇ ಅದಕ್ಕೆ ಕೂರಿಸ್ಕೋತೀನಿ."

ಮುದುಕ ಅರದ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಅದನ್ನು ಮತ್ತೆ ಮೊಳೆಗೆ ತೂಗುಹಾಕಿದ.

ಮಾರೆನ್ ಕಾರಿನಿಂದ ಹಳೆಯ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಅದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಹೆಸರಿತ್ತು: ಲೈಲ್. ಎರವಲಿನ ಪಿಸ್ತೂಲನ್ನು ಎತ್ತಿಕೊಂಡು ಮೇಲ್ಭಾಗವನ್ನು ಹಿಂದಕ್ಕೆಳೆದಳು. ನೋಡಿದಳು. ಕಿರುಬೆರಳಿನ ತುದಿಯಿಂದ ತಡವಿದಳು.

"ಖಾಲಿ," ಎಂದು ಚಾಚಿದಳು.

ಲೈಲ್ ಎರಡೂ ಕೈಯಲ್ಲಿ ತೆಗೆದುಕೊಂಡ. ಬೆಳಕಿಗೆ ಹಿಡಿದು ಒಳಗೆ ನೋಡಿದ. ತುಂಬ ಹೊತ್ತು ನೋಡಿದ. ತಿರುಗಿ ಹೇಳಬೇಕಾಗಿದ್ದ ಮಾತನ್ನು ಮಾತ್ರ ಹೇಳಲಿಲ್ಲ.