ಬಾರದ ಚೆಂಡು

"ಸಿಂಧೂರ, ನನ್ನ ಹೆಸರು ಕೆಂಪಲ್ಲಿದ್ಯಂತೆ. ಹೌದಾ?"

ಸಿಂಧೂರ ಲ್ಯಾಪ್‌ಟಾಪ್ ಮುಚ್ಚಲು ಹೋದಳು. ಪೃಥ್ವಿ ಪೊನ್ನಪ್ಪ ಆಗಲೇ ನೋಡಿಬಿಟ್ಟಿದ್ದ. ಅವಳ ಆಟಗಾರರ ಪಟ್ಟಿಯಲ್ಲಿ ಹಸಿರು ಎಂದರೆ ಇರಲಿ, ಕೆಂಪು ಎಂದರೆ ಮುಂದಿನ ವರ್ಷ ಬೇಡ. ದ ಹೇಗ್‌ನ ಈ ಬಡ ಹಾಕಿ ಕ್ಲಬ್ಬಿಗೆ ಒಬ್ಬ ವಿದೇಶಿ ಆಟಗಾರನನ್ನು ಮಾತ್ರ ಸಾಕುವ ತಾಕತ್ತು. ಐದು ವರ್ಷದಿಂದ ಆ ಒಬ್ಬ ಇವನೇ, ಕೊಡಗಿನವನು, ಎಡಬದಿಯ ಡಿಫೆಂಡರ್. ಅಂಕಿಅಂಶ ನೋಡಲು ಜನ ಬೇಕೆಂದಾಗ ಮೈಸೂರಿನ ಸಿಂಧೂರಳ ಹೆಸರು ಹೇಳಿದವನೂ ಇವನೇ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಇರಬೇಕು.

"ಟ್ಯಾಕಲ್ ಕಮ್ಮಿ ಪೃಥ್ವಿ. ಎದುರಾಳಿಯಿಂದ ಬಾಲ್ ಕಿತ್ಕೊಂಡಿದ್ದು ಮ್ಯಾಚಿಗೆ ಎರಡೇ ಸಲ. ನಿನ್ನ ಸಂಬಳಕ್ಕೆ ಅದು..."

"ನನ್ನ ಕಡೆ ಬಾಲೇ ಬರಲ್ಲ ಕಣೇ. ಯಾಕೆ ಬರಲ್ಲ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಈಗ ವಿಡಿಯೊ ಹಾಕಿದಳು. ಎದುರಾಳಿ ಚೆಂಡಿನೊಂದಿಗೆ ಓಡಿಬರುತ್ತಾನೆ, ತಲೆ ಎತ್ತಿ ಪೃಥ್ವಿಯನ್ನು ಕಾಣುತ್ತಾನೆ, ಆಚೆ ಬದಿಗೆ ತಿರುಗುತ್ತಾನೆ. ಹತ್ತು ಪಂದ್ಯ ನೋಡಿದರೂ ಅದೇ ಕಥೆ. ಅವನು ನಿಂತಲ್ಲಿಗೆ ಬರಲು ಯಾರಿಗೂ ಧೈರ್ಯವಿಲ್ಲ. ಅದನ್ನೇ ಅವಳ ಲೆಕ್ಕ ಸೋಮಾರಿತನ ಎಂದುಕೊಂಡಿತ್ತು. ಸಿಂಧೂರಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ಮ್ಯಾನೇಜರ್ ಯೋಸ್ಟ್‌ನ ಕೋಣೆಗೆ ಓಡಿದಳು.

ಎಲ್ಲ ಕೇಳಿ ಅವನು ಸಮಾಧಾನದಿಂದಲೇ ಅಂದ: "ಬಾರದ ಚೆಂಡಿಗೆ ನಿನ್ನ ಪಟ್ಟಿಯಲ್ಲಿ ಕಾಲಂ ಇದೆಯಾ?"

"ಇಲ್ಲ. ಒಂದು ತಿಂಗಳು ಕೊಡಿ, ಮಾಡ್ತೀನಿ."

"ಬಜೆಟ್ ಮೀಟಿಂಗ್ ಇವತ್ತು ನಾಲ್ಕಕ್ಕೆ. ಇವನೊಬ್ಬನ ಸಂಬಳಕ್ಕೆ ಇಲ್ಲಿನ ಹುಡುಗರು ಇಬ್ಬರು ಸಿಗ್ತಾರೆ. ಅದನ್ನ ತೋರಿಸಿಕೊಟ್ಟವಳು ನೀನೇ ಅಲ್ವಾ?"

ಮೀಟಿಂಗಿನಲ್ಲಿ ಅವನನ್ನು ಕೈಬಿಟ್ಟರು. ಪೃಥ್ವಿ ಜಗಳವಾಡಲಿಲ್ಲ. ಕ್ಲಬ್ ಇಲ್ಲವೆಂದರೆ ಇಲ್ಲಿರುವ ಪರ್ಮಿಟ್ಟೂ ಇಲ್ಲ, ಊರಿಗೆ ಹೊರಡಬೇಕು. ಹೊರಡುವ ದಿನ ತನ್ನ ಸೈಕಲ್ಲಿನ ಕೀ ಅವಳ ಕೈಗಿಟ್ಟ. "ನೀನೇ ಇಟ್ಕೊ. ಬ್ರೇಕ್ ಸ್ವಲ್ಪ ಲೂಸು, ಹುಷಾರು." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೆಪ್ಟೆಂಬರಿನ ಮೊದಲ ಪಂದ್ಯ. ಅವನ ಜಾಗಕ್ಕೆ ಬಂದ ಹುಡುಗ, ಪಾಪ, ಬಿದ್ದು ಎದ್ದು ಹದಿನೇಳು ಟ್ಯಾಕಲ್ ಮಾಡಿದ. ಎದುರಾಳಿಗಳೆಲ್ಲ ಅವನ ಬದಿಯಿಂದಲೇ ನುಗ್ಗಿದರು. ಐದು ಗೋಲುಗಳೂ ಅಲ್ಲಿಂದಲೇ ಬಿದ್ದವು.

ಯೋಸ್ಟ್ ಸಿಂಧೂರಳ ಹೆಗಲ ಹಿಂದಿನಿಂದ ಬಗ್ಗಿ ಪರದೆ ನೋಡಿದ. ಅವನ ಸೋತ ಮುಖಕ್ಕೂ ಕಳೆ ಬಂತು.

"ಹದಿನೇಳು! ಇವತ್ತು ದುಡಿದವನು ಇವನೊಬ್ಬನೇ. ಹಸಿರು ಹಾಕು."

ಅವಳು ಹಾಕಿದಳು.