ಆಕಿಬನ ಸೈನಿಕ

“ದೊಡ್ಡಮ್ಮಾ, ಇವತ್ತು ನಾನು ಸತ್ತೋದೆ!” ನಿಸರ್ಗಾ ಸ್ಕೂಲ್ ಬ್ಯಾಗನ್ನು ಸೋಫಾದ ಮೇಲೆ ಎಸೆದಳು.

“ಥೂ, ಬಿಡ್ತು ಅನ್ನು!” ಅಜ್ಜಿ ವೆಂಕಟಮ್ಮ ಗದರಿದರು.

“ಬಿಡ್ತು, ಬಿಡ್ತು. ಹಿಸ್ಟರಿ ಕ್ಲಾಸಲ್ಲಿ ಅಜ್ಜಿ, ನಿಜ್ವಾಗ್ಲೂ ಅಲ್ಲ!”

ಅಮೆರಿಕದ ಅಂತರ್ಯುದ್ಧದ ಪಾಠಕ್ಕೆಂದು ಮಿಸ್ಸು ಮಕ್ಕಳಿಗೆ ಆ ಕಾಲದ ಒಬ್ಬೊಬ್ಬ ಸೈನಿಕನ ಪಾತ್ರವನ್ನು ಹಂಚಿದ್ದರು. ತಿಂಗಳಿಂದ ನಿಸರ್ಗಾ ಯಾರೋ ರೈತನ ಮಗನಾಗಿ, ಊಟಕ್ಕೆ ಕೂತರೂ ಅವನ ಕಷ್ಟಸುಖವನ್ನೇ ಹೇಳುತ್ತಿದ್ದಳು. ಇವತ್ತು ಯಾರ ಗತಿ ಏನಾಯಿತೆಂದು ತಿಳಿಯುವ ದಿನ.

“ಎಲ್ರೂ ನಿಂತ್ಕೊಂಡ್ವಿ. ಡೆಡ್ ಅಂದ್ರೆ ನೆಲದ ಮೇಲೆ ಕೂರ್ಬೇಕು, ಮನೆಗೆ ವಾಪಸ್ ಬಂದ್ರೆ ಚೇರ್ ಮೇಲೆ. ನಾನು ಫೀವರಲ್ಲೇ ಹೋದೆ, ಸೋ ಅನ್‌ಫೇರ್! ಆಕಿಬ್ ಮಾತ್ರ ನಿಂತೇ ಇದ್ದ. ಅವ್ನ ಸೋಲ್ಜರ್ ಮಿಸ್ಸಿಂಗ್.”

ರೊಟ್ಟಿ ತಟ್ಟುತ್ತಿದ್ದ ಊರ್ಮಿಳಾಳ ಕೈ ಹಾಗೇ ನಿಂತಿತು. ಭಾರತದ ಸೇನೆಯ ಜೊತೆ ಶ್ರೀಲಂಕಾದ ಅಂತರ್ಯುದ್ಧಕ್ಕೆ ಹೋದ ಅವಳ ಗಂಡ, ನಿಸರ್ಗಾಳ ದೊಡ್ಡಪ್ಪ ಸಿದ್ದರಾಜುವಿನ ಸುದ್ದಿ ಹನ್ನೆರಡು ವರ್ಷಗಳಿಂದ ಇಲ್ಲ. ಅತ್ತೆಯೊಂದಿಗೆ ಅಮೆರಿಕದ ಮೈದುನನ ಮನೆ ಸೇರಿದ್ದ ಅವಳನ್ನು ಹೋದ ವಾರ ಪಕ್ಕದ ಊರು ಹೇವರ್ಡಿನ ದ್ವಾರಕಾನಾಥ ಮದುವೆಯಾಗುತ್ತೇನೆಂದು ಕೇಳಿಕೊಂಡು ಬಂದಿದ್ದ. “ನನ್ ಮಗ ಬತ್ತಾನೆ” ಎಂದು ವೆಂಕಟಮ್ಮ ಕಾಫಿಯನ್ನೂ ಕೊಡದೆ ಕಳಿಸಿದ್ದರು. ಊರ್ಮಿಳಾ ಅವನ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಅಷ್ಟೇ. ಅದು ಅತ್ತೆಯ ಕಣ್ಣಿಗೆ ಬಿದ್ದಿತ್ತು.

“ಕೂತ್ಕೊ ಅಂತ ಯಾರೂ ಅನ್ನಲಿಲ್ವಾ ಪುಟ್ಟಿ, ಅವನಿಗೆ?” ಊರ್ಮಿಳಾ ಮೆಲ್ಲಗೆ ಕೇಳಿದಳು.

“ಎಲ್ಲಿ ಕೂರಿಸ್ಬೇಕು ಅಂತ ಮಿಸ್ಸಿಗೇ ಗೊತ್ತಾಗ್ಲಿಲ್ಲ ದೊಡ್ಡಮ್ಮ. ಬೆಲ್ ಹೊಡೆಯೋವರ್ಗೂ ನಿಂತಿದ್ದ. ನಾವೆಲ್ಲ ನಗ್ತಿದ್ವಿ. ಆಮೇಲೆ ನೋಡಿದ್ರೆ ಅವ್ನು ಅಳ್ತಿದ್ದ.”

ಊರ್ಮಿಳಾ ರೊಟ್ಟಿಯನ್ನು ಹೆಂಚಿಗೆ ಹಾಕಿ ಗೋಡೆಯ ಕಡೆ ಮುಖ ಮಾಡಿದಳು. ವೆಂಕಟಮ್ಮ ಸೊಸೆಯ ಬೆನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದರು.

“ಕೂತ್ಕೊ ಮಗಾ.”

“ರೊಟ್ಟಿ ಐತೆ ಅತ್ತೆ…”

“ಕೂತ್ಕೊ. ನಾನೇ ಹೇಳ್ತಾ ಇವ್ನಿ.”

ಊರ್ಮಿಳಾ ಹಿಟ್ಟಿನ ಕೈಯಲ್ಲೇ ಕುರ್ಚಿಯ ಅಂಚಿಗೆ ಕೂತಳು. ಪಕ್ಕದಲ್ಲಿ ಇನ್ನೂ ಮೂರು ಕುರ್ಚಿಗಳಿದ್ದವು. ವೆಂಕಟಮ್ಮ ಗೋಡೆಗೆ ಕೈಯೂರಿ, ಮೆಲ್ಲಗೆ ನೆಲದ ಮೇಲೆ ಕೂತರು.

ರೊಟ್ಟಿ ಕರಕಾಗಿ ಸ್ಮೋಕ್ ಅಲಾರ್ಮು ಬಡಿದುಕೊಳ್ಳತೊಡಗಿತು. ಇಬ್ಬರೂ ಏಳಲಿಲ್ಲ.