ಗಿರಿಜಜ್ಜಿ ಗೊರಕೆ ಯಾರಿಗೆ?

ತಿಥಿ ಊಟ ಮುಗೀತಿದ್ದ ಹಾಗೇ, ಎಲ್ಲಾರ ಮನೇಲೂ ಮಾಡೋ ಥರ, ನಾವೂ ಹಂಚ್ಕೊಳ್ಳೋಕೆ ಕೂತ್ವಿ. ಗಿರಿಜಜ್ಜಿ ಬಿಟ್ಟುಹೋಗಿದ್ದ ನಗು, ಸೀನು, ಗೊರಕೆ ಮೂರು ಸ್ಟೀಲ್ ಡಬ್ಬೀಲಿದ್ವು. ಯಾರು ಮುಚ್ಚಳ ತೆಗೆದು ಮೂಸ್ತಾರೋ ಅದು ಅವ್ರಿಗೇ, ಸಾಯೋವರೆಗೂ.

ನಗೂಗೆ ದೊಡ್ಡಪ್ಪಂಗೂ ಅತ್ತೆಗೂ ಜಗಳಾನೇ ಆಯ್ತು. ಅತ್ತೆ ಗೆದ್ರು, ಕಣ್ಣೀರು ಸುರಿಸ್ಕೊಂಡೇ ಅಜ್ಜಿ ಥರ ಕಿಲಕಿಲ ಅಂದ್ರು. ಸೀನು ದೊಡ್ಡಪ್ಪನ ಪಾಲಾಯ್ತು. ಗೊರಕೆ ಮಾತ್ರ ಯಾರಿಗೂ ಬೇಡ.

"ಆಚೆ ಬಿಟ್ಬಿಡೋಣ," ಅಂದ್ರು ದೊಡ್ಡಪ್ಪ.

"ಬೇಡ ಕಣೋ," ಅಂದ್ರು ಮೂಲೇಲಿದ್ದ ತಾತ. "ಅದಿಲ್ದೆ ನಂಗೆ ನಿದ್ದೇನೇ ಹತ್ತಲ್ಲ. ಅವ್ಳು ಹೋದಾಗಿಂದ ಕಣ್ಣು ಮುಚ್ಚಿಲ್ಲ."

"ಹಂಗಾದ್ರೆ ನೀವೇ ಮೂಸಿ ಅಪ್ಪಾ."

"ನನ್ನ ಗೊರಕೆ ನಂಗೆ ಕೇಳ್ಸುತ್ತೇನೋ, ಪೆದ್ದ?"

ನಾನು ಡಬ್ಬಿ ಎಳ್ಕೊಂಡೆ. ಅಮ್ಮ ಕಿರುಚಿದ್ರು, "ಲೇ ಇಂಪನಾ, ಮುಂದಿನ ತಿಂಗ್ಳು ಮದ್ವೆ ಕಣೇ! ಹುಡುಗ ಓಡ್ಹೋಗ್ತಾನೆ!"

"ಓಡ್ಲಿ ಬಿಡಮ್ಮ," ಅಂತ ಜೋರಾಗಿ ಮೂಸ್ಬಿಟ್ಟೆ.

ಆಮೇಲೆ ತಾತನ ಮಂಚದ ಪಕ್ಕ ಚಾಪೆ ಹಾಸ್ಕೊಂಡು ಮಲಗ್ದೆ. ಎದ್ದಾಗ ಸಂಜೆ. ನನ್ನ ಗೊರಕೆಗೆ ಕಿಟಕಿ ಗಾಜೆಲ್ಲಾ ಅದುರ್ತಿತ್ತು ಅಂದ್ರು ಅತ್ತೆ. ತಾತ "ಗಿರಿಜಾ, ಆ ಕಡೆ ತಿರುಗೇ!" ಅಂತ ಬೈದ್ರಂತೆ, ಬೈತಾ ಬೈತಾನೇ ನಿದ್ದೆಗೆ ಜಾರಿದ್ರಂತೆ.